ಟೋಪಾಲಜಿಗೂ ಹೋಮಾಲಜಿಗೂ ಏನು ವ್ಯತ್ಯಾಸ? ಐದು ಚುಕ್ಕಿ, ಆರು ಚುಕ್ಕಿ ಇಟ್ಟು ನೋಡೋಣ

"ಈ ಎರಡು ಆಕಾರಗಳ ಟೋಪಾಲಜಿ ಒಂದೇ" ಎಂದು ಒಂದು ಕಡೆ ಓದುತ್ತೀರಿ. "ಈ ಎರಡು ಆಕಾರಗಳ ಹೋಮಾಲಜಿ ಒಂದೇ" ಎಂದು ಇನ್ನೊಂದು ಕಡೆ ಓದುತ್ತೀರಿ. ಎರಡೂ ಒಂದೇ ಮಾತು ಅನ್ನಿಸುತ್ತದೆ, ಅಲ್ವಾ? ಆದರೆ ಮೊದಲನೆಯದು ತುಂಬಾ ದೊಡ್ಡ ಮಾತು. ಎರಡನೆಯದು ಅದರ ಒಂದು ಪಾಲು ಮಾತ್ರ. ಅದಲು ಬದಲು ಮಾಡಿಕೊಂಡರೆ ತೀರ್ಮಾನವೇ ತಪ್ಪುತ್ತದೆ. ಎಂ.ಎಸ್ಸಿ. ಓದುವವರಿಗೆ ಇದು ಪರೀಕ್ಷೆಯ ಅಂಕದ ಪ್ರಶ್ನೆ. ಡೇಟಾ ಸೈನ್ಸ್‌ನಲ್ಲಿ ಇರುವವರಿಗೆ ತಮ್ಮ ರಿಪೋರ್ಟ್ ನಿಲ್ಲುತ್ತದೋ ಬೀಳುತ್ತದೋ ಅನ್ನುವ ಪ್ರಶ್ನೆ.

ವ್ಯಾಖ್ಯಾನಗಳನ್ನು ಬಾಯಿಪಾಠ ಮಾಡಿದರೆ ಈ ವ್ಯತ್ಯಾಸ ತಲೆಗೆ ಇಳಿಯುವುದಿಲ್ಲ. ಒಂದು ಲೆಕ್ಕವನ್ನಾದರೂ ಕೈಯಾರೆ ಮಾಡಲೇಬೇಕು. ಅದಕ್ಕೆ ಬೇಕಾಗುವುದು ಎರಡು ಹಾಳೆ, ಪೆನ್ನು, ಕತ್ತರಿ, ಅಂಟು. ಗಣಿತ ಅಂತ ಬೇಕಾಗುವುದು ಕೂಡುವುದು, ಕಳೆಯುವುದು ಅಷ್ಟೇ.

ಹೆಜ್ಜೆ 1: ಯಾವುದು ವಿಷಯ, ಯಾವುದು ಲೆಕ್ಕ ಎಂದು ಬೇರೆ ಮಾಡಿಕೊಳ್ಳಿ

ಟೋಪಾಲಜಿ ಗಣಿತದ ಒಂದು ಇಡೀ ವಿಭಾಗ. ಆಕಾರವನ್ನು ಎಳೆದರೂ, ಬಗ್ಗಿಸಿದರೂ, ಹಿಗ್ಗಿಸಿದರೂ ಬದಲಾಗದ ಗುಣಗಳು ಯಾವುವು ಎಂದು ಅದು ಕೇಳುತ್ತದೆ. ಹರಿಯುವಂತಿಲ್ಲ, ಹೊಸದಾಗಿ ಅಂಟಿಸುವಂತಿಲ್ಲ. ಉದ್ದ, ಕೋನ, ವಿಸ್ತೀರ್ಣ ಯಾವುದೂ ಲೆಕ್ಕಕ್ಕಿಲ್ಲ.

ಅದೇ ಪದಕ್ಕೆ ಇನ್ನೊಂದು ನಿರ್ದಿಷ್ಟ ಅರ್ಥವೂ ಇದೆ. ಒಂದು ಸೆಟ್ ತೆಗೆದುಕೊಳ್ಳಿ. ಅದರ ಉಪಸೆಟ್‌ಗಳಲ್ಲಿ ಯಾವುವನ್ನು "ಓಪನ್" ಎಂದು ಕರೆಯುತ್ತೇವೆ ಎಂದು ಪಟ್ಟಿ ಮಾಡಿ. ಖಾಲಿ ಸೆಟ್ ಮತ್ತು ಇಡೀ ಸೆಟ್ ಆ ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿರುವ ಎಷ್ಟನ್ನು ಒಟ್ಟು ಸೇರಿಸಿದರೂ ಬರುವುದು ಪಟ್ಟಿಯಲ್ಲೇ ಇರಬೇಕು. ಯಾವುದೇ ಎರಡರ ನಡುವೆ ಸಮಾನವಾಗಿ ಇರುವ ಭಾಗವೂ ಪಟ್ಟಿಯಲ್ಲಿರಬೇಕು. ಈ ಪಟ್ಟಿಯೇ ಆ ಸೆಟ್‌ನ ಟೋಪಾಲಜಿ. ದೂರ ಅಳೆಯದೆಯೇ ಯಾವುದು ಯಾವುದಕ್ಕೆ ಹತ್ತಿರ ಎಂದು ಹೇಳುವ ಉಪಾಯ ಇದು.

ಎರಡು ಆಕಾರಗಳ ಟೋಪಾಲಜಿ ಒಂದೇ ಎನ್ನಲು ಅವುಗಳ ನಡುವೆ ಹೋಮಿಯೋಮಾರ್ಫಿಸಮ್ ಬೇಕು. ಅಂದರೆ ಒಂದಕ್ಕೊಂದು ಬಿಂದು ಹೊಂದಿಸುವ ನಕ್ಷೆ, ಹೋಗುವಾಗಲೂ ನಿರಂತರ, ಬರುವಾಗಲೂ ನಿರಂತರ. ಬರುವಾಗಿನದನ್ನು ಹಲವರು ಮರೆಯುತ್ತಾರೆ. 0ಯಿಂದ 1ರವರೆಗಿನ ಗೆರೆಯಲ್ಲಿ 1ನ್ನು ಮಾತ್ರ ಬಿಟ್ಟು, ಅದನ್ನು ವೃತ್ತದ ಮೇಲೆ ಒಂದು ಸಲ ಸುತ್ತಿ ನೋಡಿ. ಬಿಂದುಗಳು ಸರಿಯಾಗಿ ಹೊಂದುತ್ತವೆ, ನಕ್ಷೆ ನಿರಂತರವೂ ಹೌದು. ವಾಪಸ್ ಬರುವಾಗ ಮಾತ್ರ ವೃತ್ತ ಒಂದು ಕಡೆ ಹರಿಯುತ್ತದೆ. ಹಾಗಾಗಿ ಗೆರೆ ಬೇರೆ, ವೃತ್ತ ಬೇರೆ.

ಹೋಮಾಲಜಿ ಇದೇ ವಿಭಾಗದೊಳಗಿನ ಒಂದು ಲೆಕ್ಕ. ಆಕಾರವನ್ನು ಕೊಟ್ಟರೆ ಅದು ಗ್ರೂಪ್‌ಗಳ (ಸದಸ್ಯರನ್ನು ಒಂದಕ್ಕೊಂದು ಸೇರಿಸುವ, ಸೇರಿಸಿದ್ದನ್ನು ವಾಪಸ್ ಮಾಡುವ ನಿಯಮ ಇರುವ ಸೆಟ್‌ಗಳ) ಒಂದು ಪಟ್ಟಿಯನ್ನು ಕೊಡುತ್ತದೆ, ಪ್ರತಿ ಆಯಾಮಕ್ಕೆ ಒಂದೊಂದು. ಆ ಗ್ರೂಪ್‌ಗಳಿಂದ ಓದಿಕೊಳ್ಳುವ ಸಂಖ್ಯೆಗಳಿಗೆ ಬೆಟ್ಟಿ ಸಂಖ್ಯೆ ಎನ್ನುತ್ತಾರೆ. ಇಟಲಿಯ ಎನ್ರಿಕೊ ಬೆಟ್ಟಿ ಅವರ ಹೆಸರನ್ನು ಇಟ್ಟವರು ಫ್ರಾನ್ಸಿನ ಆನ್ರಿ ಪ್ವಾಂಕರೆ. ಇಲ್ಲಿ ಅವನ್ನು ಬಿ0, ಬಿ1, ಬಿ2 ಎಂದು ಬರೆಯುತ್ತೇನೆ. ಆಕಾರ ಎಷ್ಟು ತುಂಡುಗಳಲ್ಲಿದೆ ಎಂಬುದು ಬಿ0. ಒಳಗೆ ತುಂಬಿಕೊಳ್ಳದ ಬೇರೆ ಬೇರೆ ಸುತ್ತುಗಳು ಎಷ್ಟು ಎಂಬುದು ಬಿ1. ಎಲ್ಲ ಕಡೆಯಿಂದ ಮುಚ್ಚಿದ ಟೊಳ್ಳುಗಳು ಎಷ್ಟು ಎಂಬುದು ಬಿ2.

"ಹೋಮಾಲಜಿ ಅಂದರೆ ತೂತು ಎಣಿಸುವುದು" ಎಂಬ ವಿವರಣೆ ಬಹಳ ಕಡೆ ಸಿಗುತ್ತದೆ. ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಮೋಸ ಹೋಗುತ್ತೇವೆ. ಉದ್ದಿನ ವಡೆಗೆ ತೂತು ಎಷ್ಟು? ಒಂದು. ಹಿಟ್ಟಿನ ಸಮೇತ ಇಡೀ ವಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಬಿ0, ಬಿ1, ಬಿ2ರ ಪಟ್ಟಿ 1, 1, 0. ಮೇಲಿನ ಗರಿಗರಿ ಪದರವನ್ನು ಮಾತ್ರ ತೆಗೆದುಕೊಂಡರೆ ಪಟ್ಟಿ 1, 2, 1 ಆಗುತ್ತದೆ. ತೂತಿನ ಸುತ್ತ ಒಂದು ಸುತ್ತು, ತೂತಿನೊಳಗೆ ನುಗ್ಗಿ ಹೊರಗಿನಿಂದ ಬರುವ ಇನ್ನೊಂದು ಸುತ್ತು, ಪದರದೊಳಗೆ ಒಂದು ಟೊಳ್ಳು. ಈ ಬರಿ ಪದರವನ್ನು ಟೋರಸ್ ಎನ್ನುತ್ತಾರೆ. ಹಾಗಾಗಿ ಲೆಕ್ಕಕ್ಕೆ ಕೂರುವ ಮುಂಚೆ ಯಾವ ಆಕಾರದ ಹೋಮಾಲಜಿ ಎಂದು ಬಿಡಿಸಿ ಹೇಳಿಕೊಳ್ಳಿ.

ಹೆಜ್ಜೆ 2: ಮೂರು ಚುಕ್ಕಿಯ ಲೆಕ್ಕ

ಹಾಳೆಯ ಮೇಲೆ ಮೂರು ಚುಕ್ಕಿ ಇಡಿ: ಅ, ಬ, ಕ. ಮೂರು ಗೆರೆ ಎಳೆಯಿರಿ: ಅಬ, ಬಕ, ಕಅ. ಒಳಗೆ ಏನೂ ತುಂಬಬೇಡಿ. ಬರೀ ಗೆರೆಗಳೇ ನಮ್ಮ ಆಕಾರ.

ಒಂದು ಗೆರೆಯ ಅಂಚು ಎಂದರೆ ಅದರ ಕೊನೆಯ ಚುಕ್ಕಿಯಿಂದ ಶುರುವಿನ ಚುಕ್ಕಿಯನ್ನು ಕಳೆದದ್ದು. ಅಬ ಗೆರೆಯ ಅಂಚು ಬ − ಅ. ಬಕ ಗೆರೆಯದು ಕ − ಬ. ಕಅ ಗೆರೆಯದು ಅ − ಕ. ಮೂರನ್ನೂ ಕೂಡಿ. ಎಲ್ಲ ಹೊಡೆದುಹೋಗಿ ಸೊನ್ನೆ ಬರುತ್ತದೆ. ಅಂದರೆ ಅಬ + ಬಕ + ಕಅ ಎಂಬ ಮೊತ್ತಕ್ಕೆ ಅಂಚೇ ಇಲ್ಲ. ಅದು ಮುಚ್ಚಿದ ಸುತ್ತು.

ಈಗ ಎರಡನೆಯ ಪ್ರಶ್ನೆ. ಈ ಸುತ್ತು ಆಕಾರದೊಳಗೆ ಬೇರೆ ಯಾವುದಾದರೂ ದೊಡ್ಡ ವಸ್ತುವಿನ ಅಂಚಾಗಿದೆಯೇ? ಒಳಗೆ ಏನೂ ಇಲ್ಲವಲ್ಲ, ಹಾಗಾಗಿ ಇಲ್ಲ. ಆದ್ದರಿಂದ ಸುತ್ತು ಉಳಿಯಿತು. ಬಿ1 = 1.

ಒಳಭಾಗಕ್ಕೆ ಬಣ್ಣ ತುಂಬಿ. ಈಗ ಅಬಕ ಎಂಬ ತ್ರಿಕೋನವೂ ಆಕಾರದ ಭಾಗ. ಅದರ ಅಂಚು ಯಾವುದು? ಅದೇ ಅಬ + ಬಕ + ಕಅ. ಅಂದರೆ ನಮ್ಮ ಸುತ್ತು ಈಗ ಒಂದು ತ್ರಿಕೋನದ ಅಂಚು. ಹೋಮಾಲಜಿ ಅದನ್ನು ಸೊನ್ನೆ ಎಂದು ಎಣಿಸುತ್ತದೆ. ಬಿ1 = 0.

ಹೋಮಾಲಜಿಯ ತಿರುಳು ಇಷ್ಟೇ. ಅಂಚಿಲ್ಲದ ಸುತ್ತುಗಳನ್ನು ಹುಡುಕು, ಅವುಗಳಲ್ಲಿ ಯಾವುದರದ್ದೋ ಅಂಚಾಗಿರುವುದನ್ನು ತೆಗೆದುಹಾಕು, ಉಳಿದದ್ದನ್ನು ಎಣಿಸು. ಅಂಚಿಗೆ ಅಂಚಿಲ್ಲ ಎಂಬ ಒಂದು ಸಂಗತಿಯ ಮೇಲೆ ಇಡೀ ಲೆಕ್ಕ ನಿಂತಿದೆ.

ಚುಕ್ಕಿ, ಗೆರೆ, ತ್ರಿಕೋನಗಳಿಂದ ಕಟ್ಟಿದ ಆಕಾರಕ್ಕೆ ನೇರ ಸೂತ್ರ ಹೀಗೆ:

ಬಿ0 = ತುಂಡುಗಳ ಸಂಖ್ಯೆ
ಬಿ1 = ಗೆರೆ − (ಚುಕ್ಕಿ − ತುಂಡು) − ಸ್ವತಂತ್ರ ತ್ರಿಕೋನ ಅಂಚುಗಳು
ಬಿ2 = ತ್ರಿಕೋನ − ಸ್ವತಂತ್ರ ತ್ರಿಕೋನ ಅಂಚುಗಳು

"ಸ್ವತಂತ್ರ" ಎಂದರೆ ಉಳಿದವನ್ನು ಕೂಡಿ ಕಳೆದು ಪಡೆಯಲು ಆಗದ್ದು. ನಾಲ್ಕು ಚುಕ್ಕಿ, ಆರು ಗೆರೆ, ನಾಲ್ಕು ತ್ರಿಕೋನಗಳ ಪೊಳ್ಳು ಪಿರಮಿಡ್ ಮೇಲೆ ಒಮ್ಮೆ ಪ್ರಯತ್ನಿಸಿ. ಚಿಹ್ನೆ ಸರಿಯಾಗಿ ಇಟ್ಟು ನಾಲ್ಕೂ ತ್ರಿಕೋನಗಳ ಅಂಚನ್ನು ಕೂಡಿದರೆ ಸೊನ್ನೆ. ಹಾಗಾಗಿ ಸ್ವತಂತ್ರವಾದವು ಮೂರೇ. ಬಿ1 = 6 − 3 − 3 = 0, ಬಿ2 = 4 − 3 = 1. ಪಟ್ಟಿ 1, 0, 1. ಗೋಳದ ಮೇಲ್ಮೈಗೂ ಇದೇ ಉತ್ತರ. ಚುಕ್ಕಿ − ಗೆರೆ + ತ್ರಿಕೋನ, ಅಂದರೆ 4 − 6 + 4 ಎಂದರೂ 2; ಬಿ0 − ಬಿ1 + ಬಿ2, ಅಂದರೆ 1 − 0 + 1 ಎಂದರೂ 2. ಆಯ್ಲರ್ 1750ರಲ್ಲಿ ಗಮನಿಸಿದ ಸಂಖ್ಯೆ ಇದೇ. ಕೈಲೆಕ್ಕ ಸರಿಯೋ ತಪ್ಪೋ ಎಂದು ತಾಳೆ ನೋಡಲು ಇದನ್ನು ಯಾವಾಗಲೂ ಬಳಸಿ.

ಹೆಜ್ಜೆ 3: ಐದು ಚುಕ್ಕಿ ಮತ್ತು ಆರು ಚುಕ್ಕಿ

ಈ ಹೆಜ್ಜೆಗೆ ಸಮಯ ಕೊಡಿ. ವ್ಯತ್ಯಾಸ ಕಣ್ಣಿಗೆ ಕಾಣುವುದು ಇಲ್ಲೇ.

ಗಡಿಯಾರದ ಹಾಗೆ ವೃತ್ತದಲ್ಲಿ 1ರಿಂದ 6ರವರೆಗೆ ಬರೆಯಿರಿ. ಅಕ್ಕಪಕ್ಕದ ಮೂರು ಮೂರು ಸಂಖ್ಯೆಗಳಿಗೆ ಒಂದೊಂದು ತ್ರಿಕೋನ ಎಂದುಕೊಳ್ಳಿ: 1-2-3, 2-3-4, 3-4-5, 4-5-6, 5-6-1, 6-1-2. ಆರು ತ್ರಿಕೋನ. ಒಂದೊಂದು ತ್ರಿಕೋನ ಮುಂದಿನದಕ್ಕೆ ಒಂದು ಗೆರೆಯ ಉದ್ದಕ್ಕೂ ಅಂಟಿಕೊಂಡಿದೆ. ಎಲ್ಲ ಸೇರಿ ಸುತ್ತಿಕೊಂಡ ಒಂದು ಪಟ್ಟಿ (ರಿಬ್ಬನ್ ಥರದ್ದು) ಆಯಿತು.

ಈಗ ಗೆರೆಗಳನ್ನು ನೋಡಿ. 1-2, 2-3 ಥರದ ಪಕ್ಕದ ಗೆರೆಗಳು ಆರು. ಪ್ರತಿಯೊಂದೂ ಎರಡು ತ್ರಿಕೋನಗಳಲ್ಲಿದೆ. 1-3, 2-4 ಥರದ ಒಂದು ಬಿಟ್ಟು ಒಂದರ ಗೆರೆಗಳೂ ಆರು. ಪ್ರತಿಯೊಂದೂ ಒಂದೇ ತ್ರಿಕೋನದಲ್ಲಿದೆ. ಒಂದೇ ತ್ರಿಕೋನದಲ್ಲಿರುವ ಗೆರೆಯೇ ಪಟ್ಟಿಯ ಹೊರ ಅಂಚು. ಅದನ್ನು ಹಿಡಿದು ಹೋಗಿ: 1-3-5-1. ಮುಗಿಯಿತು. ಉಳಿದದ್ದು 2-4-6-2. ಎರಡು ಬೇರೆ ಬೇರೆ ಅಂಚು. ಇದು ಸಾದಾ ಪಟ್ಟಿ, ಎರಡೂ ತುದಿ ತೆರೆದ ಡಬ್ಬಿಯ ಗೋಡೆಯ ಆಕಾರ.

ಬೇರೆ ಹಾಳೆಯಲ್ಲಿ 1ರಿಂದ 5ರವರೆಗೆ ಬರೆದು ಅದೇ ನಿಯಮ ಬಳಸಿ: 1-2-3, 2-3-4, 3-4-5, 4-5-1, 5-1-2. ಐದು ತ್ರಿಕೋನ, ಹತ್ತು ಗೆರೆ. ಹೊರ ಅಂಚನ್ನು ಹಿಡಿದು ಹೋಗಿ: 1-3-5-2-4-1. ಐದೂ ಚುಕ್ಕಿ ಮುಟ್ಟಿ ಒಂದೇ ಅಂಚಿನಲ್ಲಿ ಮುಗಿಯಿತು! ಇದು ಮೋಬಿಯಸ್ ಪಟ್ಟಿ, ಒಂದು ತುದಿಯನ್ನು ಮಗುಚಿ ಅಂಟಿಸಿದರೆ ಬರುವಂಥದ್ದು. ನಾವು ಏನನ್ನೂ ತಿರುಚಲಿಲ್ಲ. ಒಂದು ಚುಕ್ಕಿ ಕಡಿಮೆ ಮಾಡಿದ್ದೆವು ಅಷ್ಟೇ.

ಎರಡರ ಟೋಪಾಲಜಿ ಒಂದೇ ಆಗಲು ಸಾಧ್ಯವಿಲ್ಲ. ಹೋಮಿಯೋಮಾರ್ಫಿಸಮ್ ಅಂಚನ್ನು ಅಂಚಿಗೇ ಒಯ್ಯುತ್ತದೆ. ಎರಡು ತುಂಡಾಗಿರುವ ಅಂಚು ಒಂದೇ ತುಂಡಿನ ಅಂಚಿಗೆ ಹೊಂದುವುದಿಲ್ಲ.

ಈಗ ಹೋಮಾಲಜಿ. ಎರಡರಲ್ಲೂ ಪ್ರತಿ ತ್ರಿಕೋನಕ್ಕೆ ಬೇರೆ ಯಾರಲ್ಲೂ ಇಲ್ಲದ ಒಂದು ಹೊರ ಗೆರೆ ಇದೆ. ಆದ್ದರಿಂದ ತ್ರಿಕೋನಗಳ ಅಂಚುಗಳು ಪರಸ್ಪರ ಹೊಡೆದುಹೋಗಲು ಆಗುವುದಿಲ್ಲ, ಎಲ್ಲವೂ ಸ್ವತಂತ್ರ.

ಆರು ಚುಕ್ಕಿಯದು: ಬಿ1 = 12 − 5 − 6 = 1, ಬಿ2 = 6 − 6 = 0.
ಐದು ಚುಕ್ಕಿಯದು: ಬಿ1 = 10 − 4 − 5 = 1, ಬಿ2 = 5 − 5 = 0.

ಎರಡಕ್ಕೂ ಪಟ್ಟಿ 1, 1, 0. ಹೋಮಾಲಜಿ ಒಂದೇ, ಟೋಪಾಲಜಿ ಬೇರೆ. ಮತ್ತೆ ಗೊಂದಲವಾದಾಗಲೆಲ್ಲ ಈ ಎರಡು ಹಾಳೆಗಳಿಗೆ ವಾಪಸ್ ಬನ್ನಿ.

ಇಷ್ಟಕ್ಕೆ ಬಿಡದೆ ಕಾಗದದಲ್ಲೂ ಮಾಡಿ. ಎ4 ಹಾಳೆಯ ಉದ್ದಕ್ಕೆ 3 ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿ. ಒಂದನ್ನು ಹಾಗೇ ಸುತ್ತಿ ತುದಿ ಅಂಟಿಸಿ. ಇನ್ನೊಂದರ ಒಂದು ತುದಿಯನ್ನು ಮಗುಚಿ ಅಂಟಿಸಿ. ಅಂಟು ಒಣಗಿದ ಮೇಲೆ ಎರಡನ್ನೂ ನಡುಮಧ್ಯದ ಗೆರೆಯ ಉದ್ದಕ್ಕೆ ಕತ್ತರಿಸಿ. ಸಾದಾ ಪಟ್ಟಿ ಎರಡು ಉಂಗುರ ಆಗುತ್ತದೆ. ಮೋಬಿಯಸ್ ಪಟ್ಟಿ ಒಂದೇ ಉದ್ದ ಉಂಗುರವಾಗಿ ಬಿಚ್ಚಿಕೊಳ್ಳುತ್ತದೆ, ಮೈತುಂಬ ತಿರುಚಿಕೊಂಡಿರುತ್ತದೆ. ಆ ಉದ್ದ ಉಂಗುರದ ಅಂಚನ್ನು ಬೆರಳಿನಲ್ಲಿ ಹಿಡಿದು ಹೋಗಿ. ಎರಡು ಅಂಚು ಸಿಗುತ್ತವೆ. ಅದು ಎಷ್ಟೇ ತಿರುಚಿದ್ದರೂ ಟೋಪಾಲಜಿಯ ಲೆಕ್ಕದಲ್ಲಿ ಸಾದಾ ಪಟ್ಟಿಯೇ. ಆಕಾರ ಏನು ಎಂಬುದು ಒಂದು ಪ್ರಶ್ನೆ. ಅದನ್ನು ಕೋಣೆಯೊಳಗೆ ಹೇಗೆ ಇಟ್ಟಿದ್ದೇವೆ ಎಂಬುದು ಬೇರೆಯೇ ಪ್ರಶ್ನೆ.

ಹೆಜ್ಜೆ 4: ಹೋಮಾಲಜಿಗೆ ಏಕೆ ಕಾಣಲಿಲ್ಲ ಎಂದು ಕೇಳಿ

ಎರಡೂ ಪಟ್ಟಿಗಳ ಅಗಲವನ್ನು ಕಡಿಮೆ ಮಾಡುತ್ತಾ ಹೋಗಿ ಎಂದುಕೊಳ್ಳಿ. ಕೊನೆಗೆ ನಡುವಿನ ವೃತ್ತವೊಂದೇ ಉಳಿಯುತ್ತದೆ. ಹೀಗೆ ಕುಗ್ಗಿಸಿ ಹಿಗ್ಗಿಸಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದರೆ ಅವನ್ನು ಹೋಮೋಟೋಪಿ ಸಮಾನ ಎನ್ನುತ್ತಾರೆ. ಹೋಮಾಲಜಿ ಇಂಥ ಕುಗ್ಗಿಸುವಿಕೆಯನ್ನು ಗಮನಿಸುವುದೇ ಇಲ್ಲ. ಒಂದು ಬಿಂದು, ಒಂದು ತಟ್ಟೆ, ಒಂದು ಗಟ್ಟಿ ಚೆಂಡು ಎಲ್ಲಕ್ಕೂ ಅದರ ಉತ್ತರ 1, 0, 0.

ಹಾಗಾದರೆ ಮೋಬಿಯಸ್ ಪಟ್ಟಿಯ ವಿಷಯದಲ್ಲಿ ಹೋಮಾಲಜಿ ಪೂರ್ತಿ ಕುರುಡೇ? ಅಲ್ಲ. ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಬೇಕು. ಹೊರ ಅಂಚು ಒಳಗಿನ ಸುತ್ತಿಗೆ ಹೇಗೆ ಸಂಬಂಧಿಸಿದೆ ಎಂದು ನೋಡಿ.

ಆರು ಚುಕ್ಕಿಯ ಹಾಳೆ ತೆಗೆಯಿರಿ. 1-2-3 ತ್ರಿಕೋನ ಒಳಗಿರುವುದರಿಂದ 1-3 ಗೆರೆಯ ಬದಲು 1-2, 2-3 ಎಂದು ಬರೆಯಬಹುದು. ಹೋಮಾಲಜಿಗೆ ಎರಡೂ ಒಂದೇ. ಹಾಗೆ 1-3-5-1 ಎಂಬ ಅಂಚನ್ನು ಬಿಡಿಸಿದರೆ 1-2-3-4-5-6-1. ಪಟ್ಟಿಯನ್ನು ಒಂದು ಸಲ ಸುತ್ತಿತು.

ಐದು ಚುಕ್ಕಿಯ ಹಾಳೆಯಲ್ಲಿ ಅದೇ ಮಾಡಿ. 1-3 ಎಂಬುದು 1-2-3. 3-5 ಎಂಬುದು 3-4-5. 5-2 ಎಂಬುದು 5-1-2. 2-4 ಎಂಬುದು 2-3-4. 4-1 ಎಂಬುದು 4-5-1. ಜೋಡಿಸಿ: 1-2-3-4-5-1-2-3-4-5-1. ಎರಡು ಸಲ ಸುತ್ತಿತು! ಮೋಬಿಯಸ್ ಪಟ್ಟಿಯ ಅಂಚು ನಡುವಿನ ಸುತ್ತಿನ ಎರಡರಷ್ಟು. ಸಂಖ್ಯೆಗಳ ಪಟ್ಟಿಯಲ್ಲಿ ಸಿಗದ ವ್ಯತ್ಯಾಸ ಸುತ್ತುಗಳ ಸಂಬಂಧದಲ್ಲಿ ಸಿಕ್ಕಿತು. ಅಂಚನ್ನೂ ಸೇರಿಸಿ ಮಾಡುವ ಈ ಲೆಕ್ಕವನ್ನು ಪಠ್ಯಗಳಲ್ಲಿ ರಿಲೆಟಿವ್ ಹೋಮಾಲಜಿ ಎಂಬ ಅಧ್ಯಾಯದಲ್ಲಿ ಹುಡುಕಿ.

ಹೆಜ್ಜೆ 5: ತೀರ್ಮಾನ ಯಾವ ದಿಕ್ಕಿಗೆ ಹೋಗಬಹುದು ಎಂದು ನೋಡಿಕೊಳ್ಳಿ

ಟೋಪಾಲಜಿ ಒಂದೇ ಆದರೆ ಹೋಮೋಟೋಪಿ ಸಮಾನ. ಹೋಮೋಟೋಪಿ ಸಮಾನವಾದರೆ ಹೋಮಾಲಜಿ ಒಂದೇ. ಈ ದಾರಿಯಲ್ಲಿ ವಾಪಸ್ ಬರಲು ಆಗುವುದಿಲ್ಲ.

ಹಾಗಾಗಿ ಹೋಮಾಲಜಿ ಬೇರೆ ಬಂದರೆ ಧೈರ್ಯವಾಗಿ ಹೇಳಿ, ಆಕಾರಗಳು ಬೇರೆ ಎಂದು. ಗೋಳದ ಪಟ್ಟಿ 1, 0, 1. ಟೋರಸ್‌ನ ಪಟ್ಟಿ 1, 2, 1. ಇನ್ನೊಂದು ಮಾತಿಲ್ಲ, ಬೇರೆ ಬೇರೆ. ಹೋಮಾಲಜಿ ಒಂದೇ ಬಂದರೆ ಅಷ್ಟರಿಂದ ಏನೂ ಹೇಳಬೇಡಿ. ಅದು ಇಲ್ಲ ಎನ್ನುವುದರಲ್ಲಿ ಗಟ್ಟಿ, ಹೌದು ಎನ್ನುವುದರಲ್ಲಿ ಅಲ್ಲ.

ಮೊದಲನೆಯ ಮೆಟ್ಟಿಲಲ್ಲಿ ವಾಪಸ್ ಬರಲಾಗದ್ದಕ್ಕೆ ನಮ್ಮ ಎರಡು ಪಟ್ಟಿಗಳೇ ಸಾಕ್ಷಿ. ಎರಡನೆಯ ಮೆಟ್ಟಿಲಿಗೆ ಇದು: ಒಂದು ಗೋಳದ ಮೇಲ್ಮೈ ತೆಗೆದುಕೊಂಡು, ಅದರ ಒಂದು ಬಿಂದುವಿಗೆ ಎರಡು ವೃತ್ತಗಳನ್ನು ಅಂಟಿಸಿ. ತುಂಡು ಒಂದು, ಸುತ್ತು ಎರಡು, ಟೊಳ್ಳು ಒಂದು. ಪಟ್ಟಿ 1, 2, 1, ಥೇಟ್ ಟೋರಸ್‌ನದ್ದೇ. ಆದರೆ ಟೋರಸ್ ಮೇಲೆ ಮೊದಲು ಒಂದು ಸುತ್ತು ಹೋಗಿ ಆಮೇಲೆ ಇನ್ನೊಂದು ಹೋದರೂ, ಅದನ್ನೇ ಹಿಂದುಮುಂದು ಮಾಡಿದರೂ, ಒಂದು ದಾರಿಯನ್ನು ಎಳೆದು ಇನ್ನೊಂದಾಗಿಸಬಹುದು. ಗೋಳಕ್ಕೆ ಅಂಟಿಸಿದ ವೃತ್ತಗಳಲ್ಲಿ ಹಾಗಾಗುವುದಿಲ್ಲ. ಅಲ್ಲಿ ಯಾವ ಸುತ್ತು ಮೊದಲು ಎಂಬುದು ಮುಖ್ಯ. ಹೋಮಾಲಜಿ ಕೂಡುವ ಲೆಕ್ಕ. ಕೂಡುವಾಗ ಯಾವುದು ಮೊದಲು ಎಂಬುದು ಕಳೆದುಹೋಗುತ್ತದೆ. ಅನುಕ್ರಮವನ್ನು ನೆನಪಿಡುವ ಲೆಕ್ಕಕ್ಕೆ ಫಂಡಮೆಂಟಲ್ ಗ್ರೂಪ್ ಎಂದು ಹೆಸರು.

ಈ ಅಂತರ ಸಣ್ಣದೆಂದು ಯಾರಿಗಾದರೂ ಅನ್ನಿಸಿದರೆ ಪ್ವಾಂಕರೆ ಅವರ ಕಥೆ ಕೇಳಬೇಕು. 1895ರ ಪ್ರಬಂಧದಲ್ಲಿ ಹೋಮಾಲಜಿಯ ಬುನಾದಿ ಹಾಕಿದವರೇ ಅವರು. 1899ರಿಂದ 1904ರವರೆಗೆ ಅದಕ್ಕೆ ಐದು ಪೂರಕ ಪ್ರಬಂಧಗಳನ್ನು ಬರೆದರು. 1900ರ ಪೂರಕದಲ್ಲಿ ಅವರು ಹೇಳಿದ್ದು, ಹೋಮಾಲಜಿ ಗೋಳದಂತೆಯೇ ಬಂದರೆ ಆ ಆಕಾರ ಗೋಳವೇ ಎಂಬ ಅರ್ಥದ ಮಾತು. 1904ರಲ್ಲಿ ಅವರೇ ಅದನ್ನು ಮುರಿದರು. ಮೂರು ಆಯಾಮದ ಒಂದು ಆಕಾರವನ್ನು ಕಟ್ಟಿ ತೋರಿಸಿದರು. ಅದರ ಪಟ್ಟಿ 1, 0, 0, 1, ಮೂರು ಆಯಾಮದ ಗೋಳದ್ದೇ ಪಟ್ಟಿ. ಆದರೆ ಅದರ ಫಂಡಮೆಂಟಲ್ ಗ್ರೂಪ್‌ನಲ್ಲಿ 120 ಸದಸ್ಯರು. ಗೋಳದ್ದಾದರೆ ಒಂದೇ ಇರಬೇಕಿತ್ತು. ಹನ್ನೆರಡು ಪಂಚಭುಜ ಮುಖಗಳ ಘನಾಕೃತಿಯಲ್ಲಿ ಎದುರುಬದುರು ಮುಖಗಳನ್ನು 36 ಡಿಗ್ರಿ ತಿರುಗಿಸಿ ಅಂಟಿಸಿದರೆ ಅದೇ ಆಕಾರ ಸಿಗುತ್ತದೆ ಎಂಬ ಸುಲಭ ವಿವರಣೆ ಆಮೇಲೆ ಬಂತು.

ಹೋಮಾಲಜಿ ಸಾಲದು ಎಂದು ಗೊತ್ತಾದ ಮೇಲೆ ಪ್ವಾಂಕರೆ ಪ್ರಶ್ನೆಯನ್ನು ಬಿಗಿ ಮಾಡಿದರು. ಫಂಡಮೆಂಟಲ್ ಗ್ರೂಪ್ ಕೂಡ ಗೋಳದಂತೆಯೇ ಇದ್ದರೆ ಅದು ಗೋಳವೇ ತಾನೇ? ಈ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ನೂರು ವರ್ಷ ಬೇಕಾಯಿತು. ರಷ್ಯಾದ ಗ್ರಿಗೊರಿ ಪೆರೆಲ್ಮಾನ್ 2002 ಮತ್ತು 2003ರಲ್ಲಿ ಇಂಟರ್ನೆಟ್‌ನಲ್ಲಿ ಹಾಕಿದ ಪ್ರಬಂಧಗಳಲ್ಲಿ ಹೌದು ಎಂದು ಸಾಧಿಸಿದರು. 2006ರಲ್ಲಿ ಫೀಲ್ಡ್ಸ್ ಪದಕವನ್ನೂ, 2010ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನವನ್ನೂ ಬೇಡ ಎಂದರು.

ಹೆಜ್ಜೆ 6: ಯಾವ ಸಂಖ್ಯೆಗಳಲ್ಲಿ ಲೆಕ್ಕ ಎಂದು ಬರೆದಿಡಿ

ಇದು ತುಂಬಾ ಜನ ಬಿಟ್ಟುಬಿಡುವ ವಿವರ. ಹೋಮಾಲಜಿಯನ್ನು ಪೂರ್ಣಾಂಕಗಳಲ್ಲಿ ಮಾಡಬಹುದು, ಭಿನ್ನರಾಶಿಗಳಲ್ಲಿ ಮಾಡಬಹುದು, 1 + 1 = 0 ಎಂದು ಎಣಿಸುವ ಎರಡೇ ಸಂಖ್ಯೆಯ ಪದ್ಧತಿಯಲ್ಲೂ ಮಾಡಬಹುದು. ಕಂಪ್ಯೂಟರ್‌ಗೆ ಕೊನೆಯದು ಬಹಳ ಇಷ್ಟ, ಯಾಕೆಂದರೆ ಚಿಹ್ನೆಯ ತಲೆನೋವು ಇಲ್ಲ. ಆದರೆ ಉತ್ತರ ಬದಲಾಗಬಹುದು.

ಕ್ಲೈನ್ ಬಾಟಲ್ ತೆಗೆದುಕೊಳ್ಳಿ. ಚೌಕದ ಒಂದು ಜೊತೆ ಎದುರು ಬದಿಗಳನ್ನು ನೇರವಾಗಿ, ಇನ್ನೊಂದು ಜೊತೆಯನ್ನು ಮಗುಚಿ ಅಂಟಿಸಿದರೆ ಬರುವ ಮೇಲ್ಮೈ ಅದು. ಎರಡೂ ಜೊತೆಯನ್ನು ನೇರವಾಗಿ ಅಂಟಿಸಿದರೆ ಟೋರಸ್. ಎರಡರ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಎರಡಕ್ಕೂ 1, 2, 1. ಮೂರರ ಪದ್ಧತಿಯಲ್ಲಿ (1 + 1 + 1 = 0) ಅಥವಾ ಭಿನ್ನರಾಶಿಗಳಲ್ಲಿ ಹಾಕಿದರೆ ಟೋರಸ್ 1, 2, 1 ಆಗಿಯೇ ಉಳಿಯುತ್ತದೆ, ಕ್ಲೈನ್ ಬಾಟಲ್ 1, 1, 0 ಆಗುತ್ತದೆ. ಪೂರ್ಣಾಂಕಗಳಲ್ಲಿ ಮಾಡಿದಾಗ ಕಾರಣ ಕಾಣುತ್ತದೆ. ಕ್ಲೈನ್ ಬಾಟಲ್‌ನಲ್ಲಿ ಒಂದು ವಿಚಿತ್ರ ಸುತ್ತಿದೆ. ಅದು ಒಂದು ಸಲಕ್ಕೆ ಯಾವುದರ ಅಂಚೂ ಅಲ್ಲ, ಎರಡು ಸಲ ಸುತ್ತಿದರೆ ಅಂಚಾಗಿಬಿಡುತ್ತದೆ. ಇಂಥದ್ದು ಬೆಟ್ಟಿ ಸಂಖ್ಯೆಯಲ್ಲಿ ಮಾಯವಾಗುತ್ತದೆ, ಗ್ರೂಪ್‌ನಲ್ಲಿ ಉಳಿಯುತ್ತದೆ. 1920ರ ದಶಕದಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿದ್ದ ಗಣಿತಜ್ಞೆ ಎಮ್ಮಿ ನೋಥರ್ ಬರೀ ಸಂಖ್ಯೆ ಎಣಿಸುವುದನ್ನು ಬಿಟ್ಟು ಗ್ರೂಪ್‌ಗಳನ್ನೇ ನೋಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ. ಇಂದಿನ ಹೋಮಾಲಜಿಯ ರೂಪ ಆ ಸಲಹೆಯಿಂದಲೇ ಬಂದದ್ದು. ನೋಥರ್ ಅವರ ಈ ಕೊಡುಗೆಯನ್ನು ಇನ್ನೂ ಜಾಸ್ತಿ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಹೆಜ್ಜೆ 7: ಡೇಟಾದ ಮೇಲೆ ಬಳಸುವಾಗ

ಟೋಪಾಲಜಿಕಲ್ ಡೇಟಾ ಅನಾಲಿಸಿಸ್ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ನಡೆಯುವುದು ಹೋಮಾಲಜಿಯ ಲೆಕ್ಕ. ಹೆಸರಿನಲ್ಲಿ ದೊಡ್ಡದು, ಕೆಲಸದಲ್ಲಿ ಸಣ್ಣದು. ಇಲ್ಲೇ ಹೊಸಬರು ಜಾರುತ್ತಾರೆ.

ಲೆಕ್ಕ ನಡೆಯುವುದು ಹೀಗೆ. ಡೇಟಾ ಎಂದರೆ ಬಿಡಿ ಬಿಡಿ ಬಿಂದುಗಳು. ಒಂದು ದೂರವನ್ನು ಗೊತ್ತು ಮಾಡಿ, ಅದಕ್ಕಿಂತ ಹತ್ತಿರ ಇರುವ ಬಿಂದುಗಳ ನಡುವೆ ಗೆರೆ ಎಳೆಯುತ್ತೇವೆ. ಮೂರೂ ಜೋಡಿಗಳ ನಡುವೆ ಗೆರೆ ಇದ್ದರೆ ತ್ರಿಕೋನ ತುಂಬುತ್ತೇವೆ. ದೂರ ತೀರಾ ಕಡಿಮೆ ಇದ್ದರೆ ಎಲ್ಲ ಬಿಡಿ ಬಿಂದುಗಳೇ. ತೀರಾ ಜಾಸ್ತಿ ಆದರೆ ಎಲ್ಲವೂ ಒಂದೇ ಮುದ್ದೆ. ನಡುವೆ ಎಲ್ಲಿ ನಿಲ್ಲಿಸಬೇಕು? ನಿಲ್ಲಿಸುವುದೇ ಬೇಡ ಎಂಬುದು ಪರ್ಸಿಸ್ಟೆಂಟ್ ಹೋಮಾಲಜಿಯ ಉಪಾಯ. ಏಡೆಲ್ಸ್‌ಬ್ರುನ್ನರ್, ಲೆಚರ್, ಜೊಮೊರೊಡಿಯನ್ ಎಂಬ ಸಂಶೋಧಕರು 2000ದ ಹೊತ್ತಿಗೆ ಇದಕ್ಕೆ ವೇಗದ ವಿಧಾನ ಕೊಟ್ಟರು. ದೂರವನ್ನು ಹಿಗ್ಗಿಸುತ್ತಾ ಹೋಗಿ, ಪ್ರತಿ ಸುತ್ತು ಯಾವಾಗ ಹುಟ್ಟಿತು, ಯಾವಾಗ ತುಂಬಿಹೋಯಿತು ಎಂದು ಬರೆದಿಡಿ. ಪ್ರತಿಯೊಂದಕ್ಕೂ ಒಂದು ಅಡ್ಡಗೆರೆ. ಉದ್ದದ ಅಡ್ಡಗೆರೆ ಇದ್ದರೆ ಅದು ಆಕಾರದ್ದೇ ಗುಣ ಇರಬಹುದು. ಗಿಡ್ಡದ್ದು ಹೆಚ್ಚಾಗಿ ಗದ್ದಲ.

ಈ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಲ್ಲಿ ಪೈಥಾನ್‌ನಲ್ಲಿ ರಿಪ್ಸರ್ ಇದೆ, ಫ್ರಾನ್ಸಿನ ಸಂಶೋಧನಾ ಸಂಸ್ಥೆ ಇನ್ರಿಯಾದಲ್ಲಿ ಬೆಳೆದ ಗುಧಿ ಇದೆ. ಎರಡೂ ಉಚಿತ. ಓಡಿಸುವ ಮುಂಚೆ ಎರಡು ಸೆಟ್ಟಿಂಗ್ ನೋಡಿ. ರಿಪ್ಸರ್ ತಾನಾಗಿಯೇ ಒಂದನೇ ಆಯಾಮದವರೆಗೆ ಮಾತ್ರ ಲೆಕ್ಕ ಹಾಕುತ್ತದೆ. ಗೋಳದ ಮೇಲೆ ಹರಡಿದ ಬಿಂದುಗಳನ್ನು ಕೊಟ್ಟು ಹಾಗೇ ಬಿಟ್ಟರೆ ಉದ್ದದ ಸುತ್ತು ಒಂದೂ ಕಾಣುವುದಿಲ್ಲ. "ಇಲ್ಲಿ ಏನೂ ವಿಶೇಷ ಇಲ್ಲ" ಎಂದು ಬರೆದುಬಿಡುತ್ತೀರಿ. ಒಳಗೊಂದು ಟೊಳ್ಳು ಇರುತ್ತದೆ. ಅದು ಕಾಣಬೇಕಾದರೆ ಆಯಾಮವನ್ನು 2ಕ್ಕೆ ಏರಿಸಬೇಕು. ಎರಡನೆಯದು, ಅದು ತಾನಾಗಿಯೇ ಎರಡರ ಪದ್ಧತಿಯಲ್ಲಿ ಎಣಿಸುತ್ತದೆ. 1, 2, 1 ಬಂದರೆ ಟೋರಸ್ ಎಂದು ಕುಣಿಯಬೇಡಿ. ಮೂರರ ಪದ್ಧತಿಗೆ ಬದಲಿಸಿ ಇನ್ನೊಮ್ಮೆ ಓಡಿಸಿ.

ಇದು ಸುಮ್ನೆ ಪುಸ್ತಕದ ಎಚ್ಚರಿಕೆ ಅಲ್ಲ. ಫೋಟೋಗಳಿಂದ 3×3 ಪಿಕ್ಸೆಲ್‌ಗಳ ಕಾಂಟ್ರಾಸ್ಟ್ ಜಾಸ್ತಿ ಇರುವ ತುಣುಕುಗಳನ್ನು ಲಕ್ಷಗಟ್ಟಲೆ ಆಯ್ದು, ಗಣಿತಜ್ಞ ಗುನ್ನಾರ್ ಕಾರ್ಲ್‌ಸನ್ ಮತ್ತು ಅವರ ಜೊತೆಗಾರರು ಇದೇ ಬಗೆಯ ಲೆಕ್ಕ ಹಾಕಿದರು. 2008ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ದಟ್ಟವಾಗಿರುವ ತುಣುಕುಗಳು ಕ್ಲೈನ್ ಬಾಟಲ್‌ನ ಸುತ್ತ ಕೂರುತ್ತವೆ. ಅವರು ಸಂಖ್ಯೆ ನೋಡಿ ಅಲ್ಲಿಗೇ ನಿಲ್ಲಲಿಲ್ಲ. ತುಣುಕಿನಲ್ಲಿ ಕಪ್ಪು-ಬಿಳುಪು ಗೆರೆಯ ದಿಕ್ಕು ತಿರುಗಿದಂತೆ ಏನಾಗುತ್ತದೆ ಎಂದು ನೋಡಿ, ಕ್ಲೈನ್ ಬಾಟಲ್ ಏಕೆ ಬರಬೇಕು ಎಂಬುದಕ್ಕೆ ಬೇರೆಯದೇ ಆದ ಕಾರಣವನ್ನೂ ಕೊಟ್ಟರು. ಹೋಮಾಲಜಿಯಿಂದ ಸುಳಿವು, ಆಕಾರದ ತಿಳಿವಳಿಕೆಯಿಂದ ಖಾತ್ರಿ.

ರಿಪೋರ್ಟ್ ಬರೆಯುವಾಗ "ಡೇಟಾದ ಟೋಪಾಲಜಿ ವೃತ್ತ" ಎಂದು ಬರೆಯಬೇಡಿ. "ಎರಡರ ಪದ್ಧತಿಯಲ್ಲಿ, ಎರಡನೇ ಆಯಾಮದವರೆಗೆ, ಸಾದಾ ದೂರದ ಅಳತೆಯಲ್ಲಿ ಲೆಕ್ಕ ಹಾಕಿದಾಗ ಒಂದನೇ ಹೋಮಾಲಜಿಯಲ್ಲಿ ಒಂದು ಉದ್ದದ ಅಡ್ಡಗೆರೆ ಸಿಕ್ಕಿತು, ಇದು ವೃತ್ತದ ಜೊತೆ ಹೊಂದುತ್ತದೆ" ಎಂದು ಬರೆಯಿರಿ. ಸಾದಾ ಪಟ್ಟಿಯ ಜೊತೆಗೂ, ಮೋಬಿಯಸ್ ಪಟ್ಟಿಯ ಜೊತೆಗೂ ಹೊಂದುತ್ತದೆ ಎಂದು ಮುಂದಿನ ಸಾಲಿನಲ್ಲೇ ಸೇರಿಸಿ.